ಹಾಲಮ್ಮನ ಬೈಗಾರ

ಹಾಲಮ್ಮನನ್ನು ಬೈಯುವ ಕೆಲಸ ನನಗೆ ಸಿಕ್ಕಿದ್ದು ಅವಳ ಅಣ್ಣನನ್ನು ಆ ಕೆಲಸದಿಂದ ತೆಗೆದ ಮೇಲೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡು ಊರಿಗೆ ಮರಳಿ, ಯಾರೊಂದಿಗೂ ಮಾತಾಡದೆ ವಾಚನಾಲಯದ ಕಟ್ಟೆಯ ಮೇಲೆ ಕೂತಿರುತ್ತಿದ್ದ ನನ್ನನ್ನು ಡಾರ್ಟ್ಸ್ ಸಂಘದ ಅಧ್ಯಕ್ಷ ಕೊಟ್ರಪ್ಪನವರು ಬಹಳ ದಿನದಿಂದ ಗಮನಿಸಿದ್ದರಂತೆ. ಒಂದು ಬೆಳಿಗ್ಗೆ ಎದುರಿಗೆ ಬಂದು ನಿಂತು, "ಮೇಷ್ಟ್ರೇ, ನಿಮ್ಮ ಮುಖ ನೋಡಿದ್ರೆ ಕಾಯ್ಸಿದ ಹಾಲು ಒಡಿತತೆ. ನಾಳೆಯಿಂದ ಕ್ಲಬ್ಬಿಗೆ ಬನ್ನಿ" ಅಂದರು. ನಾನು ಯಾವ ಶಾಲೆಯಲ್ಲೂ ಕಲಿಸಿದವನಲ್ಲ. ಓದಿದವರನ್ನೆಲ್ಲ ನಮ್ಮೂರು ಮೇಷ್ಟ್ರೇ ಎಂದು ಕರೆದು ಕೈ ತೊಳೆದುಕೊಳ್ಳುತ್ತದೆ.

ನಮ್ಮೂರಲ್ಲಿ ಹೊಗಳಿದ್ದು ಎಡಕ್ಕೆ ವಾಲುತ್ತದೆ. ಮನುಷ್ಯರಿಗೆ ಏನೂ ಆಗುವುದಿಲ್ಲ. ಅವರು ಕಟ್ಟಿದ್ದು, ಹಿಡಿದದ್ದು, ಎಸೆದದ್ದು ವಾಲುತ್ತದೆ. ಹಾಗಾಗಿ ಗೃಹಪ್ರವೇಶಕ್ಕೆ ಹೋದವರು ಹೊಸ ಗೋಡೆಯ ಬುಡಕ್ಕೆ ಉಗಿದು ಬರುತ್ತಾರೆ. ಹೋಳಿಗೆ ಬಡಿಸಿದವಳಿಗೆ, ಎಮ್ಮೆಗೆ ಹಾಕುವ ಹಿಂಡಿ ಇದಕ್ಕಿಂತ ಮೆತ್ತಗಿರುತ್ತದೆ ಎಂದು ಹೇಳಿ ಇನ್ನೆರಡು ಹಾಕಿಸಿಕೊಳ್ಳುತ್ತಾರೆ. ಇಷ್ಟಾದರೂ ಅಲ್ಲೊಂದು ಇಲ್ಲೊಂದು ಮನೆ ವಾಲುವುದು ತಪ್ಪಿಲ್ಲ. ಆಗ ಯಾರ ನಾಲಗೆ ಜಾರಿತೆಂದು ಮನೆಯವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಯಾರೂ ಒಪ್ಪುವುದಿಲ್ಲ, ಕೊನೆಗೆ ಎಡಗಡೆ ಒಂದು ಒತ್ತುಗಲ್ಲು ಕೊಟ್ಟು ಸುಮ್ಮನಾಗುತ್ತಾರೆ. ಗಂಡಸರ ಜೇಬಿನಲ್ಲಿ, ಹೆಂಗಸರ ಸೆರಗಿನ ಗಂಟಿನಲ್ಲಿ ಯಾವಾಗಲೂ ಒಂದೆರಡು ಕಲ್ಲುಚೂರು ಇರುವುದು ಅದಕ್ಕೇ. ಸತ್ತವರನ್ನು ಮಾತ್ರ ಬಾಯಿತುಂಬ ಹೊಗಳುತ್ತಾರೆ. ಮಣ್ಣು ಮಾಡುವ ಜಾಗದಲ್ಲಿ ನಮ್ಮ ಜನರಷ್ಟು ಮಾತು ಬಲ್ಲವರು ಬೇರೆಲ್ಲೂ ಸಿಗಲಿಕ್ಕಿಲ್ಲ. ಅಷ್ಟು ಹೊಗಳಿದರೂ ಕೆಲವು ಗೋರಿಗಲ್ಲುಗಳು ಮಾತ್ರ ವಾಲಿ, ಮಿಕ್ಕವು ನೆಟ್ಟಗೇ ನಿಂತಿರುವುದು ಏಕೆಂದು ಯಾರೂ ಕೇಳಿದ್ದಿಲ್ಲ. ನಮ್ಮ ಬೀದಿಯಲ್ಲಿ ತೂಗುಗುಂಡು ಬಿಟ್ಟು ನೋಡಿದರೆ ನೂಲಿನಷ್ಟೂ ವಾಲದ ಮನೆ ನಾನು ಒಬ್ಬನೇ ಇದ್ದ ಮನೆ. ಅದು ನನ್ನ ಸಂಯಮದ ಫಲವೆಂದು ತಿಳಿದಿದ್ದೆ.

ಇಂಥ ಊರಿಗೆ ಡಾರ್ಟ್ಸಿನ ಹುಚ್ಚು ಹಿಡಿದಿತ್ತು. ಯಾವುದೋ ಕಾಲದ ಇಂಜಿನಿಯರನೊಬ್ಬ ಬಿಟ್ಟುಹೋದ, ಅಂಕ ಬರೆದ ದುಂಡು ಬೋರ್ಡೊಂದನ್ನು ಕ್ಲಬ್ಬಿನ ಗೋಡೆಗೆ ಹೊಡೆದು, ಅದರ ಸುತ್ತ ಸಂಘ, ಬೆಂಚು, ಪಟ್ಟ, ಜಗಳ ಎಲ್ಲವನ್ನೂ ಕಟ್ಟಿಕೊಂಡಿದ್ದರು. ಐನೂರ ಒಂದು ಅಂಕದಿಂದ ಇಳಿಯುತ್ತ ಬಂದು ಸರಿಯಾಗಿ ಸೊನ್ನೆಗೆ ನಿಲ್ಲಬೇಕು. ಸರದಿಗೆ ಮೂರು ಡಾರ್ಟು, ಗೇಣುದ್ದದ ಮೊನೆಬಾಣಗಳು. ಕಟ್ಟಕಡೆಯ ಡಾರ್ಟು ಬೋರ್ಡಿನ ಅಂಚಿನ ತೆಳು ಪಟ್ಟಿಗೇ ಚುಚ್ಚಬೇಕು. ಅದಕ್ಕೆ ಡಬಲ್ ಅನ್ನುತ್ತಾರೆ. ಡಬಲ್ ಪಟ್ಟಿಯ ಅಗಲ ಕಿರುಬೆರಳಿಗಿಂತ ಕಡಿಮೆ. ಯಾರಾದರೂ ಒಂದು ಒಳ್ಳೆಯ ಮಾತಾಡಿದರೆ ಡಾರ್ಟು ಎಡಕ್ಕೆ ಸರಿದು ಬೋರ್ಡಿನ ಹೊರಗಿನ ಹಲಗೆಗೆ ಹೊಡೆಯುತ್ತದೆ. ಆದ್ದರಿಂದ ಪ್ರತಿ ಆಟಗಾರರ ಪಕ್ಕದಲ್ಲಿ ಒಬ್ಬ ಬೈಗಾರ ನಿಲ್ಲುತ್ತಾನೆ. ಪ್ರತಿ ಎಸೆತಕ್ಕೂ ಒಂದು ಬೈಗುಳ ಅವನ ಕಸುಬು. ಇದನ್ನು ನೋಡಲು ದೊಡ್ಡವರು, ಬುದ್ಧಿಯಿರಬೇಕಾದವರು, ಅಂಗಡಿ ಮುಚ್ಚಿ ಬರುತ್ತಿದ್ದರು. ಗೋಡೆಗೆ ಮೊಳೆ ಹೊಡೆಯುವ ಕೆಲಸವನ್ನು ದೂರದಿಂದ ಮಾಡುವುದಕ್ಕೆ ಇಷ್ಟು ಸಂಭ್ರಮ.

ಹಾಲಮ್ಮ ಬೆಳೆದದ್ದು ಗೋಣಿಚೀಲ ಹೊಲಿಯುವ ಶೆಡ್ಡಿನಲ್ಲಿ. ಅಣ್ಣ ಕರಿಬಸಪ್ಪ ಚೀಲ ಹರವಿಕೊಡುತ್ತಿದ್ದ, ಇವಳು ಬಾಯಿ ಹೊಲಿಯುತ್ತಿದ್ದಳು. ಹೊಲಿದು ಮುಗಿದ ಮೇಲೆ ದಬ್ಬಳವನ್ನು ನೆಲಕ್ಕಿಡದೆ ಎದುರಿನ ಅಟ್ಟಿಯ ಚೀಲದ ಮೇಲೆ ಬರೆದ ಅಕ್ಷರದ ಸೊನ್ನೆಯೊಳಗೆ ಎಸೆದು ಚುಚ್ಚುತ್ತಿದ್ದಳು. ಅದನ್ನು ನೋಡಿದ ಕೊಟ್ರಪ್ಪನವರು ಅವಳನ್ನು ಕ್ಲಬ್ಬಿಗೆ ಕರೆತಂದು ಸಂಬಳದ ಆಟಗಾರ್ತಿ ಮಾಡಿದರು. ಜೊತೆಗೆ ಬಂದ ಕರಿಬಸಪ್ಪನೇ ಮೊದಲ ಬೈಗಾರನಾದ. ಅವನ ಬೈಗುಳ ಕೇಳಲೆಂದೇ ಜನ ಬರುತ್ತಿದ್ದರಂತೆ. ನಿನ್ನ ಕೈಗೆ ಗೆದ್ದಲು ಹತ್ತ, ನಿನ್ನ ಗುರಿಗೆ ನಾಯಿ ಉಚ್ಚೆ ಹೊಯ್ಯ ಎಂದು ಶುರುವಾದರೆ ಏಳು ತಲೆಮಾರು ಮುಟ್ಟಿಯೇ ನಿಲ್ಲುತ್ತಿದ್ದನಂತೆ. ಆದರೂ ಹಾಲಮ್ಮನ ಡಾರ್ಟು ಪ್ರತಿ ಸಲ ನೂಲಿನಷ್ಟು ಎಡಕ್ಕೆ ಸರಿಯುತ್ತಿತ್ತು. ಸಣ್ಣ ಪಂದ್ಯ ಗೆದ್ದಳು. ಪಟ್ಟ ಎರಡು ಸಲ ಕೈತಪ್ಪಿತು. ಅವನ ಬೈಗುಳದಲ್ಲಿ ಸದ್ದಿದೆ, ಖಾರವಿಲ್ಲ ಎಂದು ಸಂಘ ತೀರ್ಮಾನಿಸಿತು. ಕೆಲಸ ಹೋದ ಮೇಲೂ ಅವನು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತಿರುತ್ತಿದ್ದ. ಬೇರೆಯವರು ಬೈದಾಗಲೂ ಡಾರ್ಟು ಎಡಕ್ಕೇ ಸರಿಯಿತು. ತಂಗಿಯ ಏಳಿಗೆ ನೋಡಲಾರದೆ ಕಳ್ಳನಂತೆ ಗುಟ್ಟಾಗಿ ಹೊಗಳುತ್ತಾನೆ ಎಂದು ಅವನಿಗೆ ಕ್ಲಬ್ಬಿನ ಬಾಗಿಲನ್ನೇ ಮುಚ್ಚಿದರು. ಹಾಲಮ್ಮನೂ ಅದನ್ನೇ ನಂಬಿ ಅವನೊಡನೆ ಮಾತು ಬಿಟ್ಟಳು. ಅವನು ಗೇಟಿನ ಹೊರಗೆ ಮಿರ್ಚಿ ಬಜ್ಜಿಯ ತಳ್ಳುಗಾಡಿ ಹಾಕಿಕೊಂಡ. ಅವನ ಬಜ್ಜಿ ನಿಜವಾಗಿಯೂ ಕೆಟ್ಟದಾಗಿದ್ದುದರಿಂದ ಗಾಡಿ ಇಷ್ಟು ವರ್ಷ ನೆಟ್ಟಗೇ ನಿಂತಿತ್ತು.

ಕರಿಬಸಪ್ಪನಂತೆ ಕೂಗುವುದು ನನ್ನಿಂದಾಗಲಿಲ್ಲ. ಮೊದಲ ದಿನ ಹಾಲಮ್ಮ ಗೆರೆಯ ಮೇಲೆ ಕಾಲಿಟ್ಟು ಕೈ ಎತ್ತಿದಾಗ, ಮೆಲ್ಲಗೆ, "ನೀನು ಸತ್ತ ಮಾರನೇ ದಿನ ಈ ಗೆರೆ ಮೇಲೆ ಇನ್ಯಾರೋ ನಿಂತಿರ್ತಾರೆ, ಹಾಲಮ್ಮ" ಅಂದೆ. ಡಾರ್ಟು ದಾರ ಕಟ್ಟಿ ಎಳೆದ ಹಾಗೆ ಹೋಗಿ ಬೋರ್ಡಿನ ನಡುಗಣ್ಣಿಗೆ ಚುಚ್ಚಿತು. ಸಭೆ ಬೆರಗಾಯಿತು. ಆಮೇಲೆ ನಾನು ಹೇಳಿದ್ದೆಲ್ಲ ಅದೇ ಬಗೆಯದು: ತಗಡಿನ ಚೂರು ಎಸೆಯುವುದೂ ಒಂದು ಬಾಳೇ ಎಂದು, ಚೀಲ ಹೊಲಿದಿದ್ದರೆ ಯಾರಿಗಾದರೂ ಉಪಯೋಗವಾಗುತ್ತಿತ್ತು ಎಂದು. ಬೇರೆ ಬೈಗಾರರು ಬೈಗುಳವನ್ನು ಸಾಮಾನಿನಂತೆ ಕೊಂಡು ತಂದು ಎಸೆಯುತ್ತಿದ್ದರು. ನಾನು ಅಂದುಕೊಂಡದ್ದನ್ನೇ ಅನ್ನುತ್ತಿದ್ದೆ. ಎಲೆಯಡಿಕೆಯಲ್ಲಿ ಕೆಂಪಾದ ಅವಳ ಹಲ್ಲು, ಒಂದು ದುಂಡು ಬೋರ್ಡಿನಾಚೆ ಏನನ್ನೂ ಕಾಣದ ಅವಳ ಕಣ್ಣು, ಅವಳಿಗಾಗಿ ಉಸಿರು ಹಿಡಿಯುವ ಆ ಜನ, ಎಲ್ಲರ ಬಗ್ಗೆಯೂ ನನಗೊಂದು ತಣ್ಣನೆಯ ಹೇಸಿಗೆ. ಆ ಕೆಲಸದಲ್ಲಿ ನಾನು ಮೆಚ್ಚಿದ್ದು ಒಂದನ್ನೇ. ಡಾರ್ಟು ಕೈ ಬಿಟ್ಟು ಬೋರ್ಡು ಮುಟ್ಟುವ ನಡುವಿನ ಆ ಗಳಿಗೆ. ಆಗ ಇಡೀ ಸಭೆ, ತನ್ನೆಲ್ಲ ಬೊಗಳೆ ಬಿಟ್ಟು, ಸುಮ್ಮನಿರುತ್ತಿತ್ತು.

ಹಾಲಮ್ಮ ಪಟ್ಟ ಗೆದ್ದಳು. ಮರುವರ್ಷ ಮತ್ತೆ ಗೆದ್ದಳು, ಆಮೇಲೆ ಗೆಲ್ಲುವುದು ಅವಳಿಗೆ ರೂಢಿಯಾಯಿತು. ಹೊರಗಿನಿಂದ ಎಂತೆಂಥ ಆಟಗಾರರು ಬರುತ್ತಿದ್ದರು. ತಮ್ಮೂರಲ್ಲಿ ಹುಲಿಗಳಾದ ಅವರ ಡಾರ್ಟು ನಮ್ಮ ಕ್ಲಬ್ಬಿನಲ್ಲಿ ಯಾಕೋ ಎಡಕ್ಕೆ ಜಾರುತ್ತಿತ್ತು. ಅವರ ಬೈಗಾರರಿಗೆ ಕಸುಬು ಬರುವುದಿಲ್ಲ ಎಂದು ನಾವು ನಗುತ್ತಿದ್ದೆವು. ಹೊಳೆಯಾಚೆಯ ದಸ್ತಗೀರ್ ಎಂಬುವನಂತೂ ವರ್ಷ ತಪ್ಪದೆ ಬಂದು ಸೋಲುತ್ತಿದ್ದ. ಪ್ರತಿ ಸಲವೂ ಅವನ ಹೆಂಡತಿ ಜೊತೆಗೆ ಬಂದು, ಹಿಂದಿನ ಬೆಂಚಿನಲ್ಲಿ ಬುತ್ತಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು.

ಪಟ್ಟ ಗೆದ್ದ ಸಂಜೆ ನಮ್ಮವರು ಹಾಲಮ್ಮನ ಮುಖಕ್ಕೆ ಮಸಿ ಬಳಿದು, ಹಳೇ ಚಪ್ಪಲಿಯ ಹಾರ ಹಾಕಿ, ಕಸದ ಗಾಡಿಯಲ್ಲಿ ಮೆರವಣಿಗೆ ಮಾಡುತ್ತಿದ್ದರು. ಅದೇ ನಮ್ಮಲ್ಲಿ ಗೌರವ. ಮುಗಿದ ಮೇಲೆ ಅವಳು ಕ್ಲಬ್ಬಿನ ನಲ್ಲಿಯ ಹತ್ತಿರ ಕೂತು ಕೊಬ್ಬರಿ ಎಣ್ಣೆಯಿಂದ ಮಸಿ ತೆಗೆಯುತ್ತಿದ್ದಳು. ಹಾಗೆ ಕೂತಿದ್ದಾಗ ಒಮ್ಮೆ, ಬೇರೆ ಊರಲ್ಲಿ ಗೆದ್ದವರಿಗೆ ಏನೆನ್ನುತ್ತಾರೆ ಎಂದು ಕೇಳಿದಳು. ಚಪ್ಪಾಳೆ ತಟ್ಟುತ್ತಾರೆ, ಚೆನ್ನಾಗಿ ಆಡಿದೆ ಅನ್ನುತ್ತಾರೆ ಎಂದೆ. ಅವಳು ಕಿವಿಯ ಹಿಂದಿನ ಮಸಿ ಉಜ್ಜುತ್ತಿದ್ದವಳು ಕೈ ನಿಲ್ಲಿಸಿದಳು.

"ಅದನ್ನ ಕೇಳೋಕೆ ಹೆಂಗಿರ್ತತೆ, ಮೇಷ್ಟ್ರೇ?"

ನನಗೆ ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.

"ನಾನು ಆಟ ಬಿಡೋದ್ರೊಳಗೆ ಒಬ್ರು, ಒಂದೇ ಒಂದ್ಸಲ ಅಂದ್ರೆ ಸಾಕು" ಅಂದಳು. "ಸತ್ತ ಮೇಲೆ ಅಂತಾರೆ, ಗೊತ್ತು. ಆಗ ಯಾರಿಗೆ ಬೇಕು."

ಪಟ್ಟಕ್ಕಿಂತ ಹೆಚ್ಚಾಗಿ ಆ ಒಂದು ಮಾತಿಗಾಗಿ ಅವಳು ಆಡುತ್ತಿದ್ದಳೆಂದು ನನಗೆ ಅಂದೇ ತಿಳಿಯಿತು. ತಿಳಿದು ಅವಳನ್ನು ಇನ್ನಷ್ಟು ಕೀಳಾಗಿ ಕಂಡೆ. ನಾಲ್ಕು ಜನ ಏನೆನ್ನುತ್ತಾರೆ ಎಂಬುದಕ್ಕೆ ಹಾತೊರೆಯುವುದಕ್ಕಿಂತ ಅಗ್ಗದ್ದು ಲೋಕದಲ್ಲಿ ಏನಿದೆ? ಮರುದಿನದ ಅಭ್ಯಾಸದಲ್ಲಿ ಅದನ್ನೇ ಬೈಗುಳವಾಗಿ ಬಳಸಿದೆ. ಡಾರ್ಟು ಬಹಳ ನೆಟ್ಟಗೆ ಹೋಯಿತು.

ವರ್ಷಗಳು ಹೋದವು. ಹಾಲಮ್ಮನ ಬಲಭುಜ ಹಿಡಿದುಕೊಳ್ಳತೊಡಗಿತು. ಈ ಸಲದ ಪಟ್ಟವೇ ಕೊನೆ ಎಂದು ಅವಳೇ ಸಾರಿದಳು. ಎದುರಾಳಿ ಮತ್ತೆ ದಸ್ತಗೀರ್. ಆದರೆ ಈ ಸಲ ಅವನ ಕಡೆಯವರು ತಮ್ಮ ಬೈಗಾರನ ಜೊತೆಗೆ ಇನ್ನೊಬ್ಬನನ್ನೂ ಕರೆತಂದಿದ್ದರು. ಅವನ ಹೆಸರು ಸಂಪತ್ತಯ್ಯ. ಊರೂರಿನ ಸನ್ಮಾನಗಳಿಗೆ ಬಿನ್ನವತ್ತಳೆ ಬರೆದುಕೊಡುವುದು ಅವನ ಕಸುಬು. ಜರಿಯಂಚಿನ ಶಲ್ಯ ಹೊದ್ದು ಮುಂದಿನ ಬೆಂಚಿನಲ್ಲಿ ಕೂತಿದ್ದವನು, ಹಾಲಮ್ಮ ಗೆರೆಗೆ ಬಂದದ್ದೇ ಎದ್ದು ನಿಂತ. "ಗುರಿಯ ರಾಣಿ, ನಾಡಿನ ಕಣ್ಮಣಿ, ಇವರ ಬೆರಳ ತುದಿಯಲ್ಲಿ ಮಿಂಚು ಮನೆಮಾಡಿದೆ" ಎಂದು ಗಂಟಲು ಬಿಚ್ಚಿ ಶುರುಮಾಡಿದ.

ಸಭೆಯಲ್ಲಿ ಹೆಂಗಸರು ಮಕ್ಕಳ ಕಿವಿ ಮುಚ್ಚಿದರು. ಬದುಕಿರುವವರ ಬಗ್ಗೆ ಅಂಥ ಮಾತನ್ನು ನಮ್ಮೂರು ಕೇಳಿಯೇ ಇರಲಿಲ್ಲ. ಕೊಟ್ರಪ್ಪನವರು ನಿಯಮದಲ್ಲಿ ಇದಕ್ಕೆ ತಡೆಯಿದೆಯೇ ಎಂದು ಅಕ್ಕಪಕ್ಕದವರನ್ನು ಕೇಳುತ್ತಿದ್ದರು; ತಡೆ ಇರಲಿಲ್ಲ, ಏಕೆಂದರೆ ಇಷ್ಟು ನೀಚತನ ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ಇವನನ್ನು ಮೀರಿಸಿ ಬೈಯಬೇಕೆಂದು. ಆದರೆ ನಾನು ಬಾಯಿ ತೆರೆಯುವ ಮೊದಲೇ ಹಾಲಮ್ಮ ಡಾರ್ಟು ಇಳಿಸಿ ಸಂಪತ್ತಯ್ಯನ ಕಡೆ ತಿರುಗಿದಳು.

"ಇನ್ನೊಂದ್ಸಲ ಹೇಳಪ್ಪ" ಅಂದಳು.

ಅವನು ತಬ್ಬಿಬ್ಬಾದ. ಹೇಳಿದ. ಅವಳು ತಲೆ ಒಂದಿಷ್ಟು ಓರೆಮಾಡಿ, ದೂರದ ರೇಡಿಯೋ ಕೇಳುವವಳಂತೆ ಪೂರ್ತಿ ಕೇಳಿದಳು. ಆಮೇಲೆ ತಿರುಗಿ ಎಸೆದಳು. ಡಾರ್ಟು ಹೋಗಬೇಕಾದಲ್ಲಿಗೆ ಹೋಗಿ ಚುಚ್ಚಿತು. ಇನ್ನೊಂದು ಎಸೆದಳು, ಮತ್ತೊಂದು; ನಾನೂ ರೂಢಿಯಂತೆ ಬೈಯುತ್ತಿದ್ದೆ. ಸಂಪತ್ತಯ್ಯ ಸೂರ್ಯಚಂದ್ರರನ್ನು ಇಳಿಸಿ ಅವಳ ಅಂಗೈಗೆ ಇಟ್ಟ. ಡಾರ್ಟು ಕೂದಲೆಳೆಯಷ್ಟೂ ಸರಿಯಲಿಲ್ಲ. ಸಭೆ ಕುಣಿದಾಡಿತು, ನನ್ನ ಬೈಗುಳದ ಬಲ ಎಂದು ಕೊಟ್ರಪ್ಪನವರು ನನ್ನ ಬೆನ್ನಿಗೆ ಗುದ್ದಿದರು. ಹಾಲಮ್ಮ ಮಾತ್ರ ಯಾರ ಕಡೆಯೂ ನೋಡದೆ, ವಿರಾಮಕ್ಕೆ ಗಂಟೆ ಹೊಡೆದದ್ದೇ ಒಳಗಿನ ಕೋಣೆಗೆ ಹೋದಳು.

ನಾನು ಹೋದಾಗ ಅವಳು ಸ್ಟೂಲಿನ ಮೇಲೆ ಕೂತು ಡಾರ್ಟುಗಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

"ಆ ಶಲ್ಯದೋನು ಅಷ್ಟೆಲ್ಲ ಅಂದ. ಯಾಕೆ ಬಾಗ್ಲಿಲ್ಲ, ಮೇಷ್ಟ್ರೇ?"

ನಾನು ಬಾಗಿಲು ಮುಂದೆ ಮಾಡಿದೆ. ಉತ್ತರವನ್ನು ಅವಳೇ ಹೇಳಿಕೊಂಡಳು.

"ಅವನ ಮನಸ್ನಾಗೆ ಅದಿಲ್ಲ, ಅದ್ಕೆ. ಬಾಯಿಗೂ ಇದಕ್ಕೂ ಸಂಬಂಧನೇ ಇಲ್ಲ." ಡಾರ್ಟು ಒರೆಸುವುದು ನಿಂತಿತು. "ಹಂಗಾದ್ರೆ ಬೈಯೋದಕ್ಕೂ ಸಂಬಂಧ ಇಲ್ಲ. ಅಣ್ಣ ಅಷ್ಟು ಹೊಲಸು ಬೈತಿದ್ದ. ಬೆಂಚಿನ ಮೇಲೆ ಬಾಯಿ ಮುಚ್ಚ್ಕಂಡು ಕೂತ್ರೂ ಬಾಗ್ತಿತ್ತು."

ಹೊರಗೆ ಸಭೆಯ ಗದ್ದಲ ಕೇಳುತ್ತಿತ್ತು. ಚಹಾ ಮಾರುವವನು ಬೆಂಚುಗಳ ನಡುವೆ ಕೂಗುತ್ತಿದ್ದ.

"ನೀವು ಬಂದ್ಮೇಲೆ ಒಂದ್ಸಲಾನೂ ಬಾಗ್ಲಿಲ್ಲ" ಅಂದಳು ಹಾಲಮ್ಮ. ನನ್ನ ಮುಖ ನೋಡಿ ಹೇಳಲಿಲ್ಲ. "ನೀವೊಬ್ರೇ ಅಂತ ಅಲ್ಲ ಬಿಡ್ರಿ. ಹೊರಗೆ ಇಷ್ಟು ಜನ ಕೂತಾರೆ."

ನಾನು ಸುಮ್ಮನೆ ನಿಂತಿದ್ದೆ. ಮೌನವನ್ನು ನಾನು ಬಹಳ ಓದಿದ್ದೆ, ಅದರಲ್ಲಿ ಆಳವಿದೆ ಎಂದು ನಂಬಿದ್ದೆ. ಆ ಕೋಣೆಯಲ್ಲಿ ಅದು ಬರೀ ಒಂದು ಉತ್ತರವಾಗಿತ್ತು, ಅವಳು ಅದನ್ನು ಸರಿಯಾಗಿ ಕೇಳಿಸಿಕೊಂಡಳು. ಹೊರಗಿನವರ ಡಾರ್ಟು ನಮ್ಮೂರಲ್ಲಿ ಏಕೆ ಜಾರುತ್ತಿತ್ತೆಂದು ನನಗೆ ಆಗ ಹೊಳೆಯಿತು. ಬುತ್ತಿ ಡಬ್ಬಿಯ ಮೇಲೆ ಕೈಯಿಟ್ಟು ಕೂತ ದಸ್ತಗೀರನ ಹೆಂಡತಿ ಕಣ್ಣಿಗೆ ಬಂದಳು. ಪ್ರತಿಯೊಬ್ಬ ಸೋತವನ ಹಿಂದೆ ಯಾರೋ ಒಬ್ಬರು ಕೂತಿದ್ದರು. ಹಾಲಮ್ಮನ ಹಿಂದೆ ಊರಿಗೆ ಊರೇ ಕೂತಿತ್ತು. ಗೆಲುವು ಬೇಕಿತ್ತು ಅವರಿಗೆ, ಮೆರವಣಿಗೆ ಬೇಕಿತ್ತು, ಹೊರಗಿನವರು ತಲೆ ತಗ್ಗಿಸುವುದು ಬೇಕಿತ್ತು. ಎಸೆಯುವವಳ ಬಗ್ಗೆ ಅವರು ಏನನ್ನೂ ಅಂದುಕೊಂಡಿರಲಿಲ್ಲ.

ಗಂಟೆ ಹೊಡೆಯಿತು. ಅವಳು ಎದ್ದು ನೆರಿಗೆ ಸರಿಮಾಡಿಕೊಂಡು, ಭುಜವನ್ನು ಒಮ್ಮೆ ತಿರುಗಿಸಿ, ನನಗಿಂತ ಮುಂದೆ ನಡೆದಳು.

ಕೊನೆಯ ಆಟ ಸಮಸಮವಾಗಿ ಹೋಯಿತು. ದಸ್ತಗೀರನಿಗೆ ಇನ್ನು ಒಂದು ಡಬಲ್ ಸಾಕಿತ್ತು. ಹಾಲಮ್ಮನಿಗೆ ಉಳಿದದ್ದು ನೂರ ಮೂವತ್ತಾರು. ಕೈಯಲ್ಲಿ ಮೂರು ಡಾರ್ಟು. ಇಪ್ಪತ್ತರ ಮೂರುಪಟ್ಟು ಸಿಗುವ ಸಣ್ಣ ಕಿಂಡಿಗೆ ಎರಡು ಸಲ, ಆಮೇಲೆ ಎಡಮಗ್ಗುಲಿನ ಎಂಟರ ಡಬಲಿಗೆ ಒಂದು. ತಪ್ಪಿದರೆ ದಸ್ತಗೀರ್ ಬಿಡುವವನಲ್ಲ. ಅವಳು ಗೆರೆಗೆ ಬಂದವಳು ತಕ್ಷಣ ಎಸೆಯಲಿಲ್ಲ. ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಜನರನ್ನು ಒಬ್ಬೊಬ್ಬರಾಗಿ ನೋಡಿದಳು, ಹೊಲಿಯಲು ಬಂದ ಖಾಲಿ ಚೀಲಗಳನ್ನು ನೋಡುವಂತೆ. ಕೋಪವಿರಲಿಲ್ಲ. ಆಮೇಲೆ ಬೋರ್ಡಿನ ಕಡೆ ತಿರುಗಿ ಎಸೆದಳು. ಇಪ್ಪತ್ತರ ಮೂರುಪಟ್ಟು. ನಾನು ಏನೋ ಒಂದು ಬೈದೆ. ಮತ್ತೆ ಎಸೆದಳು, ಮೊದಲನೆಯದರ ಪಕ್ಕಕ್ಕೇ ಒರಗಿ ಎರಡನೆಯದೂ ಚುಚ್ಚಿತು.

ಇಷ್ಟು ವರ್ಷ ತನ್ನದೆಂದು ತಿಳಿದಿದ್ದ ಒಂದು ಊರಿನಲ್ಲಿ ತನಗೆ ಯಾರೂ ಇಲ್ಲ ಎಂದು ತಿಳಿದ ಕೈ ಗುರಿ ತಪ್ಪಬೇಕಿತ್ತು. ತಪ್ಪಲಿಲ್ಲ. ಯಾರಿಗಾಗಿಯೂ ಅಲ್ಲದೆ, ಯಾವ ಮಾತಿಗಾಗಿಯೂ ಅಲ್ಲದೆ, ಎಸೆಯಬೇಕಾದ್ದನ್ನು ಎಸೆಯಬೇಕಾದಂತೆ ಎಸೆಯುತ್ತಿದ್ದಳು. ಇಂಥ ಒಂದು ಸ್ಥಿತಿಯ ಬಗ್ಗೆ ನಾನು ಪುಟಗಟ್ಟಲೆ ಬರೆದು ಅಂಕ ಗಳಿಸಿದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು. ನನ್ನೊಳಗೆ ಏನೋ ಏಳುತ್ತಿರುವುದು ಗೊತ್ತಾಗಿ ಹೆದರಿದೆ. ಅದನ್ನು ಅದುಮಲು ಅವಳ ಕೆಂಪು ಹಲ್ಲನ್ನು ನೆನೆದೆ, ಬೋರ್ಡಿನಾಚೆ ಏನೂ ಕಾಣದ ಕಣ್ಣನ್ನು ನೆನೆದೆ. ಆ ಹೇಸಿಗೆ ಬರಲೊಲ್ಲದು. ಅವಳು ಮೂರನೆಯ ಡಾರ್ಟು ಎತ್ತಿದಳು. ಎಂದೂ ದನಿಯೇರಿಸದ ನಾನು ಗಂಟಲು ಹರಿಯುವಂತೆ ಕೂಗಿದೆ: "ಥೂ, ನಿನ್ನ ಕೈ ಸೇದಿಹೋಗ! ನಿನ್ನಂಥ ದಂಡಪಿಂಡ ಈ ಮಣ್ಣಿನ ಮೇಲೆ ಹುಟ್ಟಬಾರ್ದಿತ್ತು!" ಕರಿಬಸಪ್ಪನೂ ಅಷ್ಟು ಜೋರಾಗಿ ಬೈದಿರಲಿಕ್ಕಿಲ್ಲ.

ಡಾರ್ಟು ಕೈ ಬಿಟ್ಟಿತು. ನಾನು ಇಷ್ಟಪಡುತ್ತಿದ್ದ ಆ ಮೌನ ಬಂತು. ಅದರ ಅರ್ಧದಾರಿಯಲ್ಲಿ ಡಾರ್ಟು, ಯಾರೋ ಹೆಸರು ಹಿಡಿದು ಕರೆದಂತೆ, ಮೆಲ್ಲಗೆ ಎಡಕ್ಕೆ ತಿರುಗಿ, ಬೋರ್ಡಿನ ಹೊರಗಿನ ಹಲಗೆಗೆ ಚುಚ್ಚಿ ನಿಂತಿತು.

ಸಭೆ ನರಳಿತು. ಹಾಲಮ್ಮ ಹಲಗೆಯಲ್ಲಿ ನಿಂತ ಡಾರ್ಟನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದಳು.

"ಅಣ್ಣ ಏನಾದ್ರೂ ಒಳಗೆ ಬಂದಿದ್ನಾ?"

"ಇಲ್ಲ" ಅಂದೆ.

ಅವಳು ನನ್ನ ಮುಖವನ್ನು ನೋಡುತ್ತ ನಿಂತಳು. ಇಷ್ಟು ವರ್ಷ ಒಬ್ಬರ ಪಕ್ಕದಲ್ಲೊಬ್ಬರು ನಿಂತಿದ್ದರೂ ನಾವು ಹಾಗೆ ನೋಡಿಕೊಂಡಿರಲಿಲ್ಲ. "ಕತ್ತೆ ಮುಖದೋರೆ" ಅಂದಳು, ಮೆಲ್ಲಗೆ. ಆಮೇಲೆ ಹಲಗೆಯಲ್ಲಿದ್ದ ಡಾರ್ಟನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು, ಆಟ ಮುಗಿಯುವುದನ್ನೂ ಕಾಯದೆ ಹೊರಗೆ ಹೊರಟಳು.

ದಸ್ತಗೀರ್ ಗೆರೆಗೆ ಬಂದ. ಅವನು ಡಬಲಿಗಲ್ಲ, ಅದಕ್ಕಿಂತ ಒಂದು ಬೆರಳು ಬಲಕ್ಕೆ ಗುರಿಯಿಟ್ಟ. ಇಷ್ಟು ವರ್ಷ ಸೋತು ಅವನು ಕಲಿತದ್ದು ಅದನ್ನೇ ಇರಬೇಕು. ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ಕಣ್ಣು ಮುಚ್ಚಿದಳು. ಡಾರ್ಟು ಎಡಕ್ಕೆ ಬಾಗಿ ಸರಿಯಾಗಿ ಡಬಲ್ ಪಟ್ಟಿಯ ನಡುವಿಗೆ ಕೂತಿತು. ನಮ್ಮವರು ಸಂಪತ್ತಯ್ಯನ ಶಲ್ಯ ಎಳೆಯಲು ಓಡಿದರು. ಅವನಿಗೆ ತನ್ನ ಮಾತು ಕೊನೆಗೂ ನಾಟಿತೆಂಬ ಹೆಮ್ಮೆ, ಏಟು ತಿನ್ನುತ್ತಲೇ ನಗುತ್ತಿದ್ದ. ಕೊಟ್ರಪ್ಪನವರು ನನ್ನನ್ನು ಮೂಲೆಗೆ ಕರೆದು, ಈಚೆಗೆ ನಿಮ್ಮ ಬೈಗುಳದಲ್ಲಿ ಸದ್ದಿದೆ, ಖಾರವಿಲ್ಲ ಎಂದರು. ನಾಳೆಯಿಂದ ಬರುವುದು ಬೇಡ ಎಂದರು. ಮೆಚ್ಚದೆ ಇರುವುದೊಂದೇ ನನಗೆ ಬರುತ್ತಿದ್ದ ಕಸುಬು. ಅದೂ ಹೋಯಿತು.

ನಾನು ಬಂದಾಗ ಗೇಟಿನ ಹೊರಗೆ ಹಾಲಮ್ಮ ಅಣ್ಣನ ಗಾಡಿಯ ಮುಂದೆ ನಿಂತಿದ್ದಳು. ಕರಿಬಸಪ್ಪ ತಲೆ ಎತ್ತದೆ ಬಾಣಲೆಯಲ್ಲಿ ಜಾಲರಿ ಆಡಿಸುತ್ತಿದ್ದ. ಅವಳು ಕೇಳಲಿಲ್ಲ, ತಟ್ಟೆಯಿಂದ ಒಂದು ಬಜ್ಜಿ ತಾನೇ ತೆಗೆದುಕೊಂಡಳು.

"ಅದು ಕರಕಲಾಗೈತೆ" ಅಂದ ಅವನು. "ತಿನ್ಬ್ಯಾಡ, ಹೊಟ್ಟೆ ಕೆಡ್ತತೆ."

"ನಿನ್ನ ಕೈಗೆ ಗೆದ್ದಲು ಹತ್ತ" ಅಂದಳು ಹಾಲಮ್ಮ, ಬಾಯಿ ತುಂಬ ಇಟ್ಟುಕೊಂಡು. ತಿಂದು ಮುಗಿಸಿ ಇನ್ನೊಂದು ತೆಗೆದುಕೊಂಡಳು. ಅಷ್ಟು ಕೆಟ್ಟ ಬಜ್ಜಿಯನ್ನು ಅಷ್ಟು ನಿಧಾನವಾಗಿ ಯಾರೂ ತಿಂದಿರಲಾರರು.

ಗಾಡಿಯ ಎಡಗಾಲಿ ಕಿರುಗುಟ್ಟಿತು. ಬಾಣಲೆ ಮೆಲ್ಲಗೆ ಎಡಕ್ಕೆ ವಾಲಿ, ಅಂಚಿನಿಂದ ಎಣ್ಣೆ ಒಂದಿಷ್ಟು ಚೆಲ್ಲಿ ಒಲೆ ಚುರ್ರೆಂದಿತು. ಕರಿಬಸಪ್ಪ ಬೆಚ್ಚಿ ಒತ್ತುಗಲ್ಲಿಗಾಗಿ ಜೇಬಿಗೆ ಕೈಹಾಕಿದ. ಹಾಲಮ್ಮ ಆ ಕೈಯನ್ನು ಹಿಡಿದಳು.

"ಇರ್ಲಿ ಬಿಡು" ಅಂದಳು.